ಹುಸೇನಸಾಬರ ಫ್ಲೇರ್

ಹುಸೇನಸಾಬರು ಗಿರಾಕಿಯ ತಲೆಯನ್ನು ಒಂದೇ ಸಲ ನೋಡುತ್ತಿದ್ದರು. ಆಮೇಲೆ ಅವರಿಗೆ ಆ ತಲೆಯ ಅಗತ್ಯ ಇರುತ್ತಿರಲಿಲ್ಲ. ತಮ್ಮ ಬಲ ಮೊಣಕಾಲನ್ನೇ ತಲೆ ಎಂದು ತಿಳಿದು ಅದಕ್ಕೆ ರುಮಾಲು ಸುತ್ತಿ, ಮೆಲ್ಲಗೆ ಕಳಚಿ ಕೊಡುತ್ತಿದ್ದರು. ವಕೀಲರ ತಲೆ, ಗುಮಾಸ್ತರ ತಲೆ, ಮದುಮಗನ ತಲೆ ಎಲ್ಲ ಆ ಒಂದು ಮೊಣಕಾಲಿನಲ್ಲೇ ತಯಾರಾಗುತ್ತಿದ್ದವು.

ಆಗ ನಿಜಾಮರ ಕಾಲ. ಬರಿದಲೆಯಲ್ಲಿ ಕಚೇರಿಯ ಮೆಟ್ಟಿಲು ಹತ್ತುವಂತಿರಲಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅವರ ಮನೆಯ ಮುಂದಿನ ಖೋಲಿಯೇ ಅಂಗಡಿ. ಹಿಂದೊಂದು ಹಸಿರು ಪರದೆ. ರುಮಾಲಿನ ಬಟ್ಟೆಯ ಒಂದು ಚುಂಗು ಅವರ ಕೈಯಲ್ಲಿದ್ದರೆ, ಇನ್ನೊಂದು ಚುಂಗು ಪರದೆಯ ಕೆಳಗಿಂದ ಒಳಗೆ ಹೋಗಿರುತ್ತಿತ್ತು. ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಒಳಗೆ ಗೂಟಕ್ಕೆ ಕಟ್ಟಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಒಮ್ಮೆ ರೈಲ್ವೆಯ ಇಂಗ್ಲಿಷ್ ಸಾಹೇಬನೊಬ್ಬ ಫೋಟೋಕ್ಕಾಗಿ ರುಮಾಲು ಕಟ್ಟಿಸಿಕೊಂಡು, ಇವರ ಕೈಯನ್ನು ನೋಡಿ ‘ಫ್ಲೇರ್’ ಎಂದನಂತೆ. ಹುಸೇನಸಾಬರು ಟಿಕೆಟ್ ಬಾಬುವನ್ನು ಹಿಡಿದು ಅರ್ಥ ಕೇಳಿದರು. ಕಲಿಯದೆ ಬರುವ ಕೈಚಳಕ, ಅದರಲ್ಲೊಂದು ಸೊಗಸು ಎಂದು ಬಾಬು ಹೇಳಿದ. ಅಂದಿನಿಂದ ಅವರು ಊರಿನವರನ್ನೆಲ್ಲ ಆ ಶಬ್ದದಲ್ಲಿ ತೂಗತೊಡಗಿದರು.

"ಈ ಊರಾಗ ಫ್ಲೇರ್ ಇದ್ದೋರು ಇಬ್ಬರೇ ನೋಡ್ರಿ," ಎನ್ನುತ್ತಿದ್ದರು. "ಒಬ್ಬ ನಾನು. ಇನ್ನೊಬ್ಬ ಆ ಟಾಂಗಾದ ಕುದುರಿ."

ನಾನು ಕಮಲಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ನನ್ನ ಕೈಯಾರೆ ಕಟ್ಟಿಕೊಂಡ ರುಮಾಲು ಒಮ್ಮೆ ಇನ್ಸ್‌ಪೆಕ್ಟರರ ಎದುರಿಗೇ ಬಿಚ್ಚಿ ಹಾಜರಿ ಪುಸ್ತಕದ ಮೇಲೆ ಬಿತ್ತು. ಮಕ್ಕಳು ನಕ್ಕವು, ಇನ್ಸ್‌ಪೆಕ್ಟರರು ನಗಲಿಲ್ಲ. ಮುಂದಿನ ಸಲದ ತಪಾಸಣೆಗೆ ಕಲಬುರಗಿಯಲ್ಲಿ ರುಮಾಲು ಕಟ್ಟಿಸಿ, ಚಕ್ಕಡಿಯಲ್ಲಿ ಕಮಲಾಪುರದವರೆಗೆ ಅದನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದು ತಂದೆ. ಇನ್ಸ್‌ಪೆಕ್ಟರರು ಮಕ್ಕಳಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದನ್ನು ಯಾರು ಕಟ್ಟಿದರು ಎಂದು ನನ್ನನ್ನು ಎರಡು ಸಲ ಕೇಳಿ ಹೋದರು.

ಹೀಗೆ ಎಷ್ಟು ಸಲ ಓಡಾಡುವುದು? ನನಗೂ ಕಲಿಸಿರಿ ಎಂದು ಹುಸೇನಸಾಬರನ್ನು ಬೇಡಿಕೊಂಡೆ. ಅವರು ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದರು.

"ಇದು ಕಲತು ಬರೋದಲ್ರಿ ಮಾಸ್ತರ. ಹುಟ್ಟಿನಿಂದ ಬರಬೇಕು. ನಿಮ್ಮ ಕೈಯಾಗ ಫ್ಲೇರ್ ಇಲ್ಲ."

ನಾನು ಆ ಮಾತನ್ನು ಪೂರಾ ನಂಬಿದೆ. ಆಗಷ್ಟೇ ಶುರು ಮಾಡಿದ್ದ ಹಾರ್ಮೋನಿಯಂ ಕೂಡ ಬಿಟ್ಟುಬಿಟ್ಟೆ. ಕೈ ಅದೇ ಅಲ್ಲವೆ. ಅಕ್ಕಪಕ್ಕದವರಿಗೆ ಒಳ್ಳೆಯದೇ ಆಯಿತು, ನನಗೆ ಮಾತ್ರ ಬಹಳ ದಿನ ಕೆಟ್ಟೆನಿಸಿತು.

ಹುಸೇನಸಾಬರು ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ವರ್ಷ ತಿರುಗಿದ ಮೇಲೆ ಅವರ ಮನೆಗೆ ಹೋದೆ. ಅಂಗಡಿಯ ಖೋಲಿ ಖಾಲಿ ಇತ್ತು. ಪರದೆಯ ಹಿಂದಿನಿಂದ ಅವರ ಹೆಂಡತಿ ಮೆಹಬೂಬಬೀ ಯಾರೆಂದು ಕೇಳಿದರು.

"ಕಮಲಾಪುರದ ಮಾಸ್ತರ್ರಿ."

"ಫ್ಲೇರ್ ಇಲ್ಲದ ಮಾಸ್ತರೇನ್ರಿ?"

ಹೌದೆಂದು ಒಪ್ಪಿಕೊಂಡೆ. ಮಾತಿಗೆ ಮಾತು ಬೇಕಲ್ಲ ಎಂದು, "ಅವರಂಥ ಕೈ ಮತ್ತ ಬರಂಗಿಲ್ಲ ಬಿಡ್ರಿ. ಹುಟ್ಟಿನಿಂದ ಬಂದದ್ದು," ಎಂದೆ.



"ಹುಟ್ಟಿನಿಂದ ಬಂದಿದ್ರ ದಿನಾ ಮುಂಜಾನಿ ನಮಾಜ್ ಆದ ಕೂಡ್ಲೇ ಹತ್ತು ಸಲ ಯಾಕ ಕಟ್ಟಿ ಬಿಚ್ಚತಿದ್ರು? ಮೂವತ್ತು ವರ್ಷ ಈ ಕಡಿ ಚುಂಗು ಹಿಡಿದು ಹಿಡಿದು ನನ್ನ ರಟ್ಟಿ ಹೋಗ್ಯಾವ."

ಸುತ್ತು ಸುತ್ತಿಗೂ ಬೇಕಾದಷ್ಟೇ ಬಟ್ಟೆಯನ್ನು ಗೂಟ ಹೇಗೆ ಬಿಟ್ಟುಕೊಡುತ್ತದೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಲೆಕ್ಕ ಕಲಿಸುವ ನಾನೂ ಕೇಳಿರಲಿಲ್ಲ. ಹುಸೇನಸಾಬರ ಮೇಲೆ ಸಿಟ್ಟು ಬಂತು. ಮುಂಜಾನೆಯ ಅರೆಬೆಳಕಿನಲ್ಲಿ ಒಂಬತ್ತನೆಯ ಸಲ ಬಿಚ್ಚುತ್ತಿದ್ದ ಆ ಮನುಷ್ಯನನ್ನು ನೆನೆದಾಗ, ಅವರು ಬದುಕಿದ್ದಾಗ ಬರದಷ್ಟು ಪ್ರೀತಿಯೂ ಬಂತು.

"ತಲಿ ಮ್ಯಾಗಿನ ರುಮಾಲ ಬಿಚ್ಚಿ ಒಂದು ಚುಂಗು ಪರದಿ ಕೆಳಗ ಕೊಡ್ರಿ," ಎಂದರು ಮೆಹಬೂಬಬೀ.

ಕೊಟ್ಟೆ. ಹುಸೇನಸಾಬರ ಜಾಗದಲ್ಲಿ ಕುಳಿತು ಮೊಣಕಾಲು ಮೇಲೆ ಮಾಡಿದೆ. ಬಟ್ಟೆ ಬಿಗಿಯಾಯಿತು. ಉಸಿರು ಹಿಡಿದು ಸುತ್ತುತ್ತಾ ಹೋದೆ, ಬೇಕಾದಷ್ಟು ಬಟ್ಟೆ ತಾನಾಗಿ ಬರುತ್ತಾ ಹೋಯಿತು. ಅವರಿಗೆ ನಾನು ಕಾಣುತ್ತಿರಲಿಲ್ಲ.

"ಸೊಟ್ಟ ಆಗ್ಯಾದ," ಎಂದರು. "ಬಿಚ್ಚರಿ. ಇನ್ನಾ ಒಂಬತ್ತು ಸಲ ಅದ."