ಸೀಸೆ ಖಾಲಿಯಾದ ಮಧ್ಯಾಹ್ನ

ಮೊಳಕಾಲ್ಮೂರಿನ ಅಕ್ಕನ ಮನೆಯಲ್ಲಿ ಆ ಮಧ್ಯಾಹ್ನ ನಾವು ನಾಲ್ವರಿದ್ದೆವು. ಭಾವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು. ಅಕ್ಕ ರೇಷ್ಮೆ ನೂಲು ಸುತ್ತುತ್ತಿದ್ದಳು. ಚಳ್ಳಕೆರೆಯಿಂದ ಬಂದ ನಾನು ಆಗಷ್ಟೇ ಕುಳಿತಿದ್ದೆ. ಅವರ ಮೂರು ವರ್ಷದ ಮೊಮ್ಮಗಳ ಸದ್ದೇ ಇರಲಿಲ್ಲ. ತಿರುಗಿ ನೋಡಿದರೆ, ತಾತನ ಹೋಮಿಯೋಪತಿ ಸೀಸೆಯಲ್ಲಿದ್ದ ಸಿಹಿ ಗುಳಿಗೆಗಳನ್ನೆಲ್ಲ ತಿಂದು ಮುಗಿಸಿದ್ದಳು!

ಅಕ್ಕ ಕಿರುಚಿಕೊಂಡಳು. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಅದಕ್ಕೇನೂ ಆಗಿರಲಿಲ್ಲ, ದಾರಿಯುದ್ದಕ್ಕೂ “ಇನ್ನೊಂದು ಕೊಡು” ಎಂದು ಹಟ ಮಾಡುತ್ತಿತ್ತು.

ಭಾವನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿತ್ತು. ಇನ್ಸುಲಿನ್ ಬಿಟ್ಟು ಈ ಗುಳಿಗೆಗಳನ್ನೇ ನಂಬಿದ್ದರು. ಪಥ್ಯವೆಂದು ಕಾಫಿ, ಈರುಳ್ಳಿಯನ್ನೂ ತೊರೆದಿದ್ದರು. ಮನೆಗೆ ಮರಳಿದ ಮೇಲೆ, ಹೇಳಲು ಇದೇ ಸಮಯವೆನಿಸಿತು.

“ಭಾವ, ಸೀಸೆ ಪೂರ್ತಿ ತಿಂದ್ರೂ ಮಗೂಗೆ ಏನೂ ಆಗ್ಲಿಲ್ಲ. ನಾಕು ಗುಳಿಗೆ ನಿಮ್ಮ ಹುಣ್ಣಿಗೆ ಏನು ಮಾಡ್ತಾವ್ರೀ?”

ಭಾವ ನಕ್ಕುಬಿಟ್ಟರು. “ಲೇ, ಅದಕ್ಕೇ ನಾನು ಇದನ್ನ ನಂಬಿರೋದು. ಇಂಗ್ಲಿಷ್ ಮಾತ್ರೆ ಆಗಿದ್ರೆ ಕೂಸು ಉಳೀತಿತ್ತಾ? ಇದ್ರಾಗೆ ಸೈಡ್ ಎಫೆಕ್ಟೇ ಇಲ್ಲ, ಕಣ್ಣಾರೆ ಕಂಡೆಯಲ್ಲ!”

ಅಕ್ಕ ಖಾಲಿ ಸೀಸೆಗೆ ಕೈಮುಗಿದಳು. ನಾನು ಊಟ ಮಾಡಿ ಬಸ್ಸು ಹತ್ತಿದೆ.

ಮುಂದೆ ಹುಣ್ಣು ಕಪ್ಪಾಗಿ ಪಾದಕ್ಕೆ ಏರಿತು. ಭಾವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮೊನ್ನೆ ಹೋದಾಗ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ, ಅದರ ಮೇಲೆಯೇ ಅವರಿಗೆ ಹಾಸಿಗೆ ಹಾಸಿದ್ದರು. ತಲೆದಿಂಬಿನ ಪಕ್ಕದಲ್ಲಿ ಹೊಸ ಸೀಸೆ ಇತ್ತು. “ಇದು ನೋವಿಗೆ ಕಣೋ” ಎಂದರು.