ಹಸಿರು ಬಣ್ಣದ ಕಲ್ಲು

ಆ ಕಲ್ಲು ನನ್ನದು, ಪಂಪಾಪತಿ. ಹದಿನಾರು ವರ್ಷದ ಹಿಂದೆ ಕಂಪ್ಲಿ ರಸ್ತೆಯಲ್ಲಿ ನಿನ್ನ ಬೈಕಿನ ಗಾಲಿಗೆ ಸಿಕ್ಕಿದ ಕಲ್ಲು — ನಿನ್ನ ಹೆಂಡತಿ ಹುಲಿಗೆಮ್ಮನ ಕಾಲು ಮುರಿದ ಕಲ್ಲು — ಅದನ್ನು ಅಲ್ಲಿ ಬಿಟ್ಟವನು ನಾನು. ಜನ ಸೇರುವ ಮೊದಲೇ ಎತ್ತಿ ಕಾಲುವೆಗೆ ಎಸೆದವನೂ ನಾನೇ. ಥೂ! ಬರೆಯಲು ನಾಲ್ಕು ಸಾಲು ಸಾಕಾಯಿತು. ಇಷ್ಟಕ್ಕೆ ಹದಿನಾರು ವರ್ಷ ಬೇಕಾಯಿತೇ?

ಸುಗ್ಗಿಯಲ್ಲಿ ನಮ್ಮೂರಿಗೆಲ್ಲ ಟಾರು ರಸ್ತೆಯೇ ಕಣ, ನಿನಗೆ ಗೊತ್ತು. ಭತ್ತ ಹರವುತ್ತೇವೆ, ಗಾಡಿ ಹಾಯದಂತೆ ಸುತ್ತ ಕಲ್ಲಿಡುತ್ತೇವೆ. ಸಂಜೆ ಚೀಲ ತುಂಬಿದ ಮೇಲೆ ಕಲ್ಲು ತೆಗೆಯಬೇಕು. ನಾವು ಮೂಲೆಗೊಂದರಂತೆ ನಾಲ್ಕು ಬಿಟ್ಟು ಹೋಗುತ್ತಿದ್ದೆವು — ಮರುದಿನ ಬೇರೆಯವರು ಜಾಗ ಹಿಡಿಯಬಾರದಲ್ಲ! ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಗುರುತಿಗೆಂದು ಬಳಿದವನು ನಾನು. ಎಂಥ ಜಾಣತನ!

ಅಂದು ಕತ್ತಲಲ್ಲಿ ನಿನ್ನ ಬೈಕಿನ ದೀಪ ನಿಧಾನವಾಗಿ ಬರುವುದು ದೂರದಿಂದ ಕಾಣುತ್ತಿತ್ತು. ನೀವಿಬ್ಬರೂ ಬಿದ್ದ ಸದ್ದಿಗೆ ಓಡಿ ಬಂದೆ. ಹುಲಿಗೆಮ್ಮ ಚೀರುತ್ತಿದ್ದಳು. ನಾನು ಮೊದಲು ಓಡಿದ್ದು ಕಲ್ಲಿನ ಕಡೆಗೆ. ನಾಲ್ಕನ್ನೂ ಕಾಲುವೆಗೆ ಹಾಕಿ ಆಮೇಲೆ ಅವಳ ಹತ್ತಿರ ಹೋದೆ. ಆ ವಾರವಷ್ಟೇ ಹೊಸಪೇಟೆಯಲ್ಲಿ ಅಪಕೃತ್ಯ ಕಾನೂನಿನ ಪರೀಕ್ಷೆ ಬರೆದು ಬಂದಿದ್ದೆ. ಎಚ್ಚರ ವಹಿಸುವ ಕರ್ತವ್ಯ ಇರಬೇಕು, ಅದು ತಪ್ಪಿರಬೇಕು, ಆ ತಪ್ಪಿನಿಂದಲೇ ಇನ್ನೊಬ್ಬರಿಗೆ ಹಾನಿಯಾಗಿರಬೇಕು — ಮೂರೂ ಬಾಯಿಪಾಠ. ಯಾರಿಗೆ ಬೇಕಿತ್ತು ಆ ಪಾಠ!

"ಕಲ್ಲು ಇದ್ವೇನೋ?" ಎಂದು ಓಣಿಯ ಹಿರಿಯರು ಕೇಳಿದರು.

"ಎಲ್ಲಾ ತಗದಿದ್ವಿರಿ. ಪಂಪಾಪತಿನ ಭಾಳ ಜೋರು ಬಂದ."

ತಲೆಗೆ ಪೆಟ್ಟಾಗಿ ನಿನಗೆ ಏನೂ ನೆನಪಿರಲಿಲ್ಲ. ನಾನು ಹೇಳಿದ್ದನ್ನೇ ನೀನು ನಂಬಿದೆ. ಹುಲಿಗೆಮ್ಮನೂ ನಂಬಿದಳು.

ಈಗ ನಾನು ಅದೇ ಕಾನೂನಿನ ಮೇಷ್ಟ್ರು, ನೋಡು ಗ್ರಹಚಾರ. ಮೊನ್ನೆ ಕುರೆಕುಪ್ಪದ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದು ನಿಂತಳು. "ಸರ್, ಭತ್ತದ ಕಲ್ಲು ರಸ್ತಿ ಮ್ಯಾಲ ಬಿಟ್ಟು ಹೋದ್ರ ಅದೂ ಅಪಕೃತ್ಯ ಆಗ್ತದೇನ್ರಿ?" ಆಗ್ತದಮ್ಮ ಎಂದೆ. "ಕಲ್ಲು ಯಾರದಂತ ಗೊತ್ತಾಗ್ಲಿಲ್ಲಂದ್ರ?" ಗಂಟೆ ಹೊಡೆಯಿತೆಂದು ಪುಸ್ತಕ ಮುಚ್ಚಿದೆ. ಗಂಟೆ ಹೊಡೆದಿರಲಿಲ್ಲ.

ನಿನ್ನ ಮೇಲೂ ನನಗೆ ಸಿಟ್ಟು, ಮಾರಾಯ. ಒಂದು ಸಲವಾದರೂ ಅನುಮಾನಪಡಬಾರದಿತ್ತೇ? ಸಿಕ್ಕಾಗಲೆಲ್ಲ ಅದೇ ಮಾತು — "ಬಿಡ್ರಿ ವಕೀಲ್ರ, ನಂದ ತಪ್ಪು." ಒಳಗಿನಿಂದ ಹುಲಿಗೆಮ್ಮನ ದನಿ — "ಇವನ ಅವಸರಕ್ಕ ನನ್ನ ಕಾಲು ಹೋತ್ರಿ." ಆಮೇಲೆ ಅವಳು ನಿನ್ನ ಬೈಕ್ ಹತ್ತಲೇ ಇಲ್ಲ. ಸಂತೆಗೆ ಅವಳು ಕುಂಟುತ್ತ ಹೋದರೆ, ನೀನು ಪಕ್ಕದಲ್ಲಿ ಬೈಕ್ ತಳ್ಳಿಕೊಂಡು ನಡೆಯುತ್ತೀಯ. ನಾನು ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸಿದ್ದೇನೆ. ಎಷ್ಟು ಸಲ — ಲೆಕ್ಕ ಬೇಡ.

ದಾವೆ ಹೂಡುವ ಅವಧಿ ಎಂದೋ ಮುಗಿದಿದೆ. ಅದು ಮುಗಿಯುವ ದಿನಕ್ಕಾಗಿ ನಾನು ಕಾದಿದ್ದೆ — ಅದನ್ನೂ ಹೇಳಿಬಿಡುತ್ತೇನೆ. ಇನ್ನು ಯಾವ ಕೋರ್ಟೂ ನನ್ನನ್ನು ಕರೆಯುವುದಿಲ್ಲ. ಆದರೆ ನಿನ್ನ ಮನೆಯಲ್ಲಿ ಮಾತ್ರ ತೀರ್ಪು ದಿನಾ ನಡೆಯುತ್ತಿದೆ, ನನ್ನ ಸುಳ್ಳು ಸಾಕ್ಷಿಯ ಮೇಲೆ.

ನಾಳೆ ಬೆಳಿಗ್ಗೆ ಬರುತ್ತೇನೆ. ನೀನು ಬಾಯಿ ಬಿಡಬೇಡ, "ಬಿಡ್ರಿ" ಅನ್ನಲೇಬೇಡ. ಹುಲಿಗೆಮ್ಮನನ್ನು ಹೊರಗೆ ಕರೆ, ಅಷ್ಟು ಸಾಕು. ಅವಳು ಉಗಿದರೆ ಉಗಿಯಲಿ. ಅವಳ ಮುಂದೆ ನಿಂತು ನಾನೇ ಹೇಳಬೇಕು — ಪಂಪಾಪತಿ ಅಂದು ಮೆಲ್ಲಗೇ ಬರುತ್ತಿದ್ದ, ತಾಯಿ.