ಭವನದ ಮುಂದೆ ಬಿಗಿದ ಹಾಸು

ನಮ್ಮೆದುರು ಮನೆಯ ನೇಕಾರಗಿತ್ತಿ ಯಾರು ಏನೇ ಅಂದರೂ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, "ಏನೀಗ?" ಅನ್ನುತ್ತಿದ್ದಳು.

ಹಿಂದೂಪುರದ ನಮ್ಮ ಬೀದಿಯ ಸಮುದಾಯ ಭವನ ಪಾಳು ಬಿದ್ದಿತ್ತು. ಬೇಸಿಗೆಯ ಹುಣಸೆಹಣ್ಣಿನ ಸಂತೆ ಅಲ್ಲಿ ಮತ್ತೆ ನಡೆಯಲಿ ಎಂದು ನಾವು ಹೆಂಗಸರೇ ಕೂಲಿಯಿಲ್ಲದೆ ಮಣ್ಣು ಹೊತ್ತು ಸುಣ್ಣ ಬಳಿದೆವು. ಸಂತೆಯ ಹಿಂದಿನ ದಿನ ಮಂಡಿ ಸಾಹುಕಾರ ಹುಣಸೆ ಮೂಟೆ ತುಂಬಿದ ಲಾರಿ ತಂದ. ಅವನ ಮೂಟೆ ಒಳಗಿಳಿದರೆ ಬುಟ್ಟಿಯಲ್ಲಿ ಮಾರುವ ಹೆಂಗಸರಿಗೆ ಕೂರಲು ಜಾಗವಿಲ್ಲ.

ಆಗ ನೇಕಾರಗಿತ್ತಿ ಮನೆಯಿಂದ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ನೂಲು ತಂದು, ಭವನದ ಮುಂದೆ ಬೀದಿಗೆ ಅಡ್ಡವಾಗಿ ಬಿಗಿದು, ಗಂಜಿ ಹಚ್ಚತೊಡಗಿದಳು. ಬಿಗಿದ ಹಾಸನ್ನು ನಮ್ಮಲ್ಲಿ ಮಗ್ಗದ ಮನೆಯವರು ಯಾರೂ ತುಳಿಯುವುದಿಲ್ಲ.

"ಏಮ್ಮಾ, ತೆಗಿ. ಲಾರಿ ನಿಂತೈತೆ" ಎಂದ ಸಾಹುಕಾರ.

"ಹಸಿ ನೂಲು ಕಣಪ್ಪ. ಈಗ ತೆಗುದ್ರೆ ಅಂಟ್ಕೊಂಬುಡ್ತದೆ."

"ಯಾವಾಗ ಒಣಗ್ತದೆ?"

ಅವಳು ಇನ್ನೊಂದು ಸಲ ಗಂಜಿ ಹಚ್ಚಿದಳು. "ಅರ್ಜೆಂಟಿದ್ರೆ ತುಳ್ಕೊಂಡು ಹೋಗು ಅನ್ನು ನಿನ್ ಡ್ರೈವರ್‌ಗೆ."

ಡ್ರೈವರನೂ ಮಗ್ಗದ ಮನೆಯವನೇ. ಎಂಜಿನ್ ಆರಿಸಿ ಟೀ ಅಂಗಡಿಗೆ ಹೋದ.

ಸಂಜೆ ಗೋರಂಟ್ಲದ ಹೆಂಗಸರು ಹುಣಸೆಹಣ್ಣಿನ ಬುಟ್ಟಿ ಹೊತ್ತು ಬಂದರು. ಅವಳು ಹಾಸಿನ ಒಂದು ತುದಿ ಬಿಚ್ಚಿ, ಅಷ್ಟೂ ಜನರನ್ನು ಒಳಗೆ ಬಿಟ್ಟು, ಸಾಹುಕಾರನ ಮುಖ ನೋಡುತ್ತಲೇ ಮತ್ತೆ ಬಿಗಿದು ಕಟ್ಟಿದಳು.